ಹಂದಿ ಕೂದಲಿನ ಬ್ರಷ್ಷಿಗೆ ನೀರು ಆಗದು

'ಅಸಲಿ ಕೂದಲಿನ ಬ್ರಷ್ಷೇ ಒಳ್ಳೆಯದು, ನೈಲಾನ್ ಅಗ್ಗದ ಮಾಲು' ಎಂಬ ಮಾತು ಬಣ್ಣದಂಗಡಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಬಾಗಿಲಿಗೆ ಎನಾಮೆಲ್, ಅಂದರೆ ಎಣ್ಣೆ ಬಣ್ಣ, ಬಳಿಯುವುದಾದರೆ ಸರಿ. ಆದರೆ ಇಂದು ಗೋಡೆಗೆ ಬಳಿಯುವುದು ಹೆಚ್ಚಾಗಿ ನೀರು ಬೆರೆಸುವ ಎಮಲ್ಷನ್. ಅಲ್ಲಿ ಈ ಮಾತು ಪೂರ್ತಿ ತಪ್ಪು.

ಹಂದಿ ಕೂದಲೂ ನಮ್ಮ ತಲೆಗೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನು. ಅದರ ಬಿಗಿ ಮುಖ್ಯವಾಗಿ ಎರಡು ಬಗೆಯ ಬಂಧಗಳಿಂದ ಬರುತ್ತದೆ. ಜಲಜನಕದ ಬಂಧಗಳು ಅಸಂಖ್ಯ, ಆದರೆ ದುರ್ಬಲ. ನೀರಿನ ಅಣುಗಳು ನುಸುಳಿದರೆ ಸಡಿಲುತ್ತವೆ. ತಲೆಸ್ನಾನ ಮಾಡಿದಾಗ ಗುಂಗುರು ಕೂದಲು ಇಳಿಬೀಳುವುದು ಇದರಿಂದಲೇ. ಎಮಲ್ಷನ್‌ನಲ್ಲಿ ಅದ್ದಿದ ಹಂದಿ ಕೂದಲೂ ಹಾಗೆಯೇ ಉಬ್ಬಿ ಮೆತ್ತಗಾಗುತ್ತದೆ, ತುದಿ ಚದುರುತ್ತದೆ, ಸೂರಿನಂಚಿನಲ್ಲಿ ನೇರ ಗೆರೆ ಎಳೆಯಲು ಬರುವುದಿಲ್ಲ.

ಇನ್ನೊಂದು ಗಂಧಕದ ಬಂಧ. ಇದು ನೀರಿಗೆ ಜಗ್ಗದು, ಸುಣ್ಣಕ್ಕೆ ಸೋಲುತ್ತದೆ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಮೇಲೆ, ಅಂದರೆ ಅದು ಕಡು ಕ್ಷಾರ. ಚರ್ಮ ಹದ ಮಾಡುವವರು ತೊಗಲಿನ ಕೂದಲು ತೆಗೆಯಲು ಅದನ್ನು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುವುದು ಈ ಕಾರಣಕ್ಕೇ. ಗೋಡೆಗೆ ಸುಣ್ಣ ಬಳಿಯಲು ಕತ್ತಾಳೆ ನಾರಿನ ಕುಂಚ, ತೆಂಗಿನ ನಾರು ಹಿಡಿದ ನಮ್ಮ ಹಿರಿಯರ ಆಯ್ಕೆ ಎಷ್ಟು ಸರಿಯಾಗಿತ್ತು ನೋಡಿ! ನಾರಿನ ಸೆಲ್ಯುಲೋಸು ಕ್ಷಾರವನ್ನು ಕೆರಾಟಿನ್‌ಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ.

ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದು ಸೀರೆಯಾಗಿಯೋ ಕಾಲ್ಚೀಲವಾಗಿಯೋ ಅಲ್ಲ, 1938ರಲ್ಲಿ ಅಮೆರಿಕದಲ್ಲಿ ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಎರಡನೇ ಮಹಾಯುದ್ಧದಲ್ಲಿ ಚೀನಾದ ಹಂದಿ ಕೂದಲು ಬರುವುದು ಕಷ್ಟವಾದಾಗ ಬಣ್ಣದ ಬ್ರಷ್ಷಿಗೂ ನೈಲಾನ್ ಅಗತ್ಯ ಬಿತ್ತು. ಆದರೆ ನೈಲಾನ್ ಕೂಡ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲಿಗೆ ಮೆದುವಾಗುತ್ತದೆ. ಪಾಲಿಯೆಸ್ಟರ್ ನೀರು ಕುಡಿಯುವುದು ತೀರಾ ಕಡಿಮೆ. ಬಿಸಿಲು ಬೀಳುವ ಹೊರಗೋಡೆಗೆ ಪಾಲಿಯೆಸ್ಟರ್, ಅಥವಾ ಎರಡೂ ಬೆರೆತದ್ದು ತನ್ನಿ.

ಅಂಗಡಿಯಲ್ಲಿ ಎಳೆಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಎಳೆ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತ ಸಣ್ಣ, ಕೊನೆಯಲ್ಲಿ ಕವಲೊಡೆದಿರುತ್ತದೆ. ಬಣ್ಣ ನಿಲ್ಲುವುದು ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ. ಕವಲು ಹೆಚ್ಚಿದಷ್ಟೂ ಸಂದು ಹೆಚ್ಚು, ಗೆರೆ ನಯ. ಕತ್ತರಿಯಿಂದ ಸಮವಾಗಿ ಕತ್ತರಿಸಿದ ತುದಿ ಗೋಡೆಯ ಮೇಲೆ ಗೀರು ಬಿಡುತ್ತದೆ. ಸಣ್ಣ ಬ್ರಷ್ಷಾದರೆ ಎಳೆಗಳ ಉದ್ದ ಅದರ ಅಗಲದ ಸುಮಾರು ಒಂದೂವರೆ ಪಟ್ಟು ಇರಲಿ. ಅಂಗೈಗೆ ಒತ್ತಿ ಬಿಟ್ಟರೆ ಮತ್ತೆ ನೆಟ್ಟಗಾಗಬೇಕು. ಮೆಲ್ಲಗೆ ಎಳೆದಾಗ ಒಂದೆರಡು ಎಳೆ ಉದುರಿದರೆ ಪರವಾಗಿಲ್ಲ, ಗೊಂಚಲೇ ಕೈಗೆ ಬಂದರೆ ವಾಪಸ್ ಇಡಿ. ಉದುರಿದ ಎಳೆಗೆ ಹೊರಗೆ ಬೆಂಕಿ ತಾಗಿಸಿ: ಕೂದಲು ಸುಟ್ಟ ವಾಸನೆ ಬಂದರೆ ಅಸಲಿ, ಕರಗಿ ಮಣಿಯಾದರೆ ಕೃತಕ.

ಎಳೆಗಳನ್ನು ಬಗೆದು ಬುಡ ನೋಡುವವರು ಕಡಿಮೆ. ಅಲ್ಲಿ ಬೆಣೆಯಂತೆ ಒಂದು ಪಟ್ಟಿ ಇರುತ್ತದೆ. ಅದು ಬಿಡುವ ಜಾಗದಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಅಗ್ಗದ ಬ್ರಷ್ಷಿನಲ್ಲಿ ಎಳೆ ಉಳಿಸಲು ಈ ಬೆಣೆಯನ್ನೇ ದಪ್ಪ ಮಾಡಿರುತ್ತಾರೆ. ಹೊರಗೆ ತುಂಬಿದಂತೆ ಕಂಡರೂ ಒಳಗೆ ಟೊಳ್ಳು. ಬುಡ ಹಿಡಿದ ಲೋಹದ ಪಟ್ಟಿ ತುಕ್ಕು ಹಿಡಿಯದ ಸ್ಟೀಲಿನದಾಗಿರಲಿ, ಇಲ್ಲವಾದರೆ ಬಿಳಿ ಎಮಲ್ಷನ್ನಿಗೆ ಕಂದು ಕಲೆ ಇಳಿಯುತ್ತದೆ.

ಗೋಡೆಗೆ 4 ಇಂಚು, ಕಿಟಕಿ ಚೌಕಟ್ಟಿಗೆ 2, ಸರಳುಗಳಿಗೆ 1 ಸಾಕು. ಎಳೆಯ ಮೂರನೇ ಒಂದು ಭಾಗವಷ್ಟೇ ಅದ್ದಿ. ಉಳಿದದ್ದಕ್ಕೆ ಬಣ್ಣ ತಾನೇ ಏರುತ್ತದೆ. ಹಾಗೆ ಏರಿದ್ದು ಬುಡದಲ್ಲಿ ಒಣಗಿದರೆ ಬ್ರಷ್ ಬಾಯಿ ಬಿಡುತ್ತದೆ, ಮತ್ತೆ ಸರಿಹೋಗದು. ಅದಕ್ಕೇ ಎಮಲ್ಷನ್‌ಗೆ ಅದ್ದುವ ಮುನ್ನ ಬ್ರಷ್ಷನ್ನು ಬುಡದವರೆಗೂ ನೀರಿನಲ್ಲಿ ನೆನೆಸಿ, ಚೆನ್ನಾಗಿ ಕೊಡವಿ ಶುರುಮಾಡಬೇಕು.