ಗಾಲ್ಫ್ ಕಾರ್ಟ್ ಕಳುವಾಗದಂತೆ 100 ಡಾಲರ್‌ನಲ್ಲಿ ಏನೇನು ಮಾಡಬಹುದು?

ಪ್ರಶ್ನೆ: ನಾವಿರುವುದು ಅಮೆರಿಕದ ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಲ್ಲಿ. ಓಡಾಡಲು ಒಂದು ಹಳೆಯ ಗಾಲ್ಫ್ ಕಾರ್ಟ್ ತಗೊಂಡಿದ್ದೇವೆ. ಗ್ಯಾರೇಜಿನಲ್ಲಿ ಎರಡು ಕಾರು ನಿಂತ ಮೇಲೆ ಜಾಗ ಉಳಿಯುವುದಿಲ್ಲ, ಹಾಗಾಗಿ ಕಾರ್ಟ್ ರಾತ್ರಿಯೆಲ್ಲ ಹೊರಗೇ ಇರುತ್ತದೆ. ಕೀ ಅಂತೂ ತೆಗೆದಿಡುತ್ತೇವೆ. ಅಷ್ಟು ಸಾಕಾ?

ಸಾಕಾಗಲ್ಲ. ನಿಮ್ಮ ಊರಿನಲ್ಲಿ ಕಾರ್ಟ್‌ಗಳು ಓಡಾಡುವ ಸುಮಾರು 100 ಮೈಲಿ ದಾರಿ ಇದೆ, ಮನೆಮನೆಯಲ್ಲೂ ಕಾರ್ಟ್ ಇದೆ, ಅದರಲ್ಲಿ ಎಷ್ಟೋ ಗಾಡಿಗಳು ಒಂದೇ ಕೀಗೆ ಸ್ಟಾರ್ಟ್ ಆಗುತ್ತವೆ! ಕ್ಲಬ್ ಕಾರ್, ಇ-ಜೆಡ್-ಗೋ, ಯಮಹಾ, ಯಾವುದೇ ಇರಲಿ, ಒಂದು ಕಂಪನಿಯ ಒಂದು ಮಾಡೆಲ್‌ಗೆಲ್ಲ ಸಾಮಾನ್ಯವಾಗಿ ಒಂದೇ ಥರದ ಕೀ ಕೊಟ್ಟಿರುತ್ತಾರೆ. ಗಾಲ್ಫ್ ಮೈದಾನದಲ್ಲಿ ಸಾಲಾಗಿ ನಿಲ್ಲುವ ಹತ್ತಾರು ಗಾಡಿಗೆ ಹತ್ತಾರು ಕೀ ಇಟ್ಟುಕೊಳ್ಳುವುದು ಕಷ್ಟ ಅಲ್ವಾ, ಅದಕ್ಕೆ. ಆ ಕೀ ಆನ್‌ಲೈನಿನಲ್ಲಿ ಕೆಲವೇ ಡಾಲರ್‌ಗೆ ಸಿಗುತ್ತದೆ. ನೀವು ಜೋಪಾನವಾಗಿ ತೆಗೆದಿಡುವ ಕೀ ಕಳ್ಳನ ಜೇಬಿನಲ್ಲೂ ಇರಬಹುದು.

ಹಾಗಾಗಿ ಮೊದಲ ಖರ್ಚು ಕೀ ಸ್ವಿಚ್‌ಗೆ. ಆ ಮಾಮೂಲಿ ಕೀಗೆ ತಿರುಗದ ಸ್ವಿಚ್ ಸುಮಾರು 20 ಡಾಲರ್‌ಗೆ ಸಿಗುತ್ತದೆ. ನಿಮ್ಮ ಮಾಡೆಲ್, ವರ್ಷ ನೋಡಿಕೊಂಡು, ಹಿಂದೆ ವೈರ್ ಕೂರುವ ಪಿನ್‌ಗಳು ಹಳೆಯದರಲ್ಲಿ ಇರುವಷ್ಟೇ ಇವೆಯಾ ಎಂದು ಎಣಿಸಿ ತಗೊಳ್ಳಿ. ಕೆಲಸ ದೊಡ್ಡದೇನಲ್ಲ. ಸೀಟು ಎತ್ತಿ, ರನ್/ಟೋ (ಓಡಿಸಲು/ಎಳೆದೊಯ್ಯಲು) ಸ್ವಿಚ್ ಇದ್ದರೆ ಟೋ ಕಡೆ ಹಾಕಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ. ಡ್ಯಾಶ್‌ಬೋರ್ಡಿನಲ್ಲಿ ಕೀ ತೂತಿನ ಸುತ್ತ ಇರುವ ನಟ್ ಬಿಚ್ಚಿದರೆ ಸ್ವಿಚ್ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ವೈರ್ ಕೀಳುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ, ಯಾವುದು ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ರಾತ್ರಿ ಆ ಸ್ವಿಚ್ಚನ್ನು ಟೋ ಕಡೆ ಹಾಕಿಟ್ಟರೆ ಗಾಡಿ ಭದ್ರ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಟೋ ಇರುವುದೇ ಗಾಡಿಯನ್ನು ಎಳೆದುಕೊಂಡು ಹೋಗಲು! ಮೋಟಾರ್ ಓಡಲ್ಲ ನಿಜ, ಆದರೆ ಚಕ್ರ ಸಲೀಸಾಗಿ ಉರುಳುತ್ತದೆ. ಕಾರ್ಟಿನ ತೂಕ 400-500 ಕೆ.ಜಿ. ಇದ್ದರೂ ಸಮತಟ್ಟು ಜಾಗದಲ್ಲಿ ಇಬ್ಬರು ಸೇರಿದರೆ ತಳ್ಳಿಬಿಡಬಹುದು, ಟ್ರೇಲರ್ ತಂದಿದ್ದರೆ ಹತ್ತಿಸಿಕೊಂಡೇ ಹೋಗುತ್ತಾರೆ.

ಅದಕ್ಕೇ ಎರಡನೆಯ ಖರ್ಚು ಸರಪಳಿಗೆ. ಗಟ್ಟಿ ಉಕ್ಕಿನ ದಪ್ಪ ಸರಪಳಿ, ಒಳ್ಳೆಯ ಬೀಗ, ಎರಡೂ ಸೇರಿ 40-50 ಡಾಲರ್ ಆದೀತು. ತೆಳ್ಳಗಿನ ಕೇಬಲ್ ಬೀಗಕ್ಕೆ ದುಡ್ಡು ಹಾಕಬೇಡಿ, ಅದು ಕಟರ್‌ಗೆ ಕ್ಷಣದಲ್ಲಿ ತುಂಡಾಗುತ್ತದೆ. ಸರಪಳಿಯನ್ನು ಎಲ್ಲಿಂದ ಹಾಯಿಸುತ್ತೀರಿ ಅನ್ನುವುದು ಬಹಳ ಮುಖ್ಯ. ಟಾಪಿನ ಕಂಬಿಗೆ ಕಟ್ಟಿದರೆ ಪ್ರಯೋಜನ ಇಲ್ಲ, ಸ್ಪ್ಯಾನರ್ ಹಾಕಿ ಬೋಲ್ಟ್ ತೆಗೆದರೆ ಕಂಬಿ ಕಳಚಿ ಬರುತ್ತದೆ. ಬಗ್ಗಿ ಕೆಳಗೆ ನೋಡಿ, ಫ್ರೇಮ್ ಅಥವಾ ಹಿಂದಿನ ಆಕ್ಸಲ್ ಸುತ್ತ ಹಾಯಿಸಿ, ನೆಲದ ಕಾಂಕ್ರೀಟಿಗೆ ಕೂರಿಸಿದ ಕೊಂಡಿಗೆ ಬಿಗಿಯಿರಿ. ಬಾಡಿಗೆ ಮನೆಯಾದರೆ ಕೊರೆಯುವ ಮುಂಚೆ ಮಾಲೀಕರನ್ನು ಕೇಳಿಬಿಡಿ.

ಕಾಸು ಖರ್ಚಿಲ್ಲದ ಉಪಾಯವೂ ಇದೆ. ಗಾಡಿಯ ಮೂತಿ ಗೋಡೆ ಕಡೆ ಇರುವ ಹಾಗೆ ನಿಲ್ಲಿಸಿ, ಅದರ ಹಿಂದೆ ಕಾರು ನಿಲ್ಲಿಸಿ. ಮುಂದೆ ಯಾವಾಗಲಾದರೂ ಸ್ಟೀರಿಂಗ್ ಲಾಕ್ ತಗೊಂಡರೆ ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿ ಲಾಕ್ ಮಾಡಿ. ಸೊಟ್ಟ ಚಕ್ರದ ಗಾಡಿಯನ್ನು ಟ್ರೇಲರಿಗೆ ಹತ್ತಿಸುವುದು ಸುಲಭವಲ್ಲ.

ಉಳಿದ ದುಡ್ಡಿಗೆ, ನಿಮ್ಮ ಹತ್ತಿರ ಐಫೋನ್ ಇದ್ದರೆ, ಒಂದು ಏರ್‌ಟ್ಯಾಗ್, ಅಂದರೆ ಗಾಡಿ ಎಲ್ಲಿದೆ ಎಂದು ಫೋನಿನ ಮ್ಯಾಪಿನಲ್ಲಿ ತೋರಿಸುವ ಪುಟ್ಟ ಬಿಲ್ಲೆ. 29 ಡಾಲರ್, ತಿಂಗಳ ಬಾಡಿಗೆ ಇಲ್ಲ, ಸೆಲ್ ಸುಮಾರು ಒಂದು ವರ್ಷ ಬರುತ್ತದೆ. ಲೋಹದ ಡಬ್ಬಿಯೊಳಗೆ ಇಟ್ಟರೆ ಸಿಗ್ನಲ್ ಹೊರಗೆ ಬರಲು ಕಷ್ಟ. ಸೀಟಿನ ಕುಶನ್ ಒಳಗೆ, ಸ್ಪಂಜಿನ ನಡುವೆ ಸೇರಿಸಿಬಿಡಿ. ಬೇರೆಯವರ ಏರ್‌ಟ್ಯಾಗ್ ಜೊತೆಗೇ ಬರುತ್ತಿದೆ ಎಂದು ಕಳ್ಳನ ಫೋನಿಗೂ ಎಚ್ಚರಿಕೆ ಹೋಗಬಹುದು, ಹಾಗಾಗಿ ಗಾಡಿ ಕಾಣಿಸದಿದ್ದರೆ ತಡ ಮಾಡದೆ ಮ್ಯಾಪ್ ನೋಡಿ. ಜಾಗ ಗೊತ್ತಾದರೆ ಪೊಲೀಸರಿಗೆ ಫೋನ್ ಮಾಡಿ, ದಯವಿಟ್ಟು ನೀವೇ ಹುಡುಕಿಕೊಂಡು ಹೋಗಬೇಡಿ. ಅಲ್ಲಿ ಯಾರಿರುತ್ತಾರೋ, ಕೈಯಲ್ಲಿ ಏನಿರುತ್ತದೋ.

ಇನ್ನೊಂದು ವಿಷಯ. ಮಾಮೂಲಿ ಗಾಲ್ಫ್ ಕಾರ್ಟಿಗೆ ಕಾರಿನ ಹಾಗೆ ಟೈಟಲ್ (ಮಾಲೀಕತ್ವದ) ಪತ್ರ ಸಾಮಾನ್ಯವಾಗಿ ಇರುವುದಿಲ್ಲ. ಸಿಕ್ಕ ಗಾಡಿ ನಿಮ್ಮದೇ ಎಂದು ತೋರಿಸಲು ಸೀರಿಯಲ್ ನಂಬರ್ ಬೇಕೇ ಬೇಕು. ಮಾಡೆಲ್ ನೋಡಿಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ಅಥವಾ ಸೀಟಿನ ಕೆಳಗೆ ಹುಡುಕಿ, ಫೋಟೋ ತೆಗೆದು, ಕೊಂಡ ರಸೀದಿಯ ಜೊತೆ ಇಡಿ. ಮನೆಯ ವಿಮೆ ಕಾರ್ಟಿಗೂ ಇದೆ ಎಂದು ಸುಮ್ನೆ ಅಂದುಕೊಳ್ಳಬೇಡಿ. ಅಂಗಳದಿಂದ ಕಳುವಾದರೆ ಕೊಡುತ್ತೀರಾ, ಅಂಗಡಿ ಮುಂದೆ ನಿಲ್ಲಿಸಿದಾಗ ಹೋದರೆ ಕೊಡುತ್ತೀರಾ, ಬ್ಯಾಟರಿ ಮಾತ್ರ ಕದ್ದರೆ ಏನು, ಈ ಮೂರನ್ನೂ ಏಜೆಂಟರ ಹತ್ತಿರ ಕೇಳಿ, ಉತ್ತರವನ್ನು ಇಮೇಲಿನಲ್ಲೇ ಕೊಡಿ ಅನ್ನಿ.