ಆತ್ಮಾವಲೋಕನ ಎಂದರೆ ತಪ್ಪೊಪ್ಪಿಗೆಯಲ್ಲ

ಮೊನ್ನೆ ಒಂದೇ ದಿನ ಮೂರು ಕಡೆ ಈ ಪದ ಕಣ್ಣಿಗೆ ಬಿತ್ತು. ಒಂದು ಸುದ್ದಿಯಲ್ಲಿ ಸೋತ ತಂಡ ‘ಆತ್ಮಾವಲೋಕನ ಸಭೆ’ ಕರೆದಿತ್ತು. ಒಂದು ಲೇಖನದಲ್ಲಿ ಇಡೀ ಯುವ ಪೀಳಿಗೆ ‘ಆತ್ಮಾವಲೋಕನ ಮಾಡಿಕೊಳ್ಳಲಿ’ ಎಂದು ಹಿರಿಯರೊಬ್ಬರು ಬರೆದಿದ್ದರು. ಮೂರನೆಯದು ಸಮಾಜಶಾಸ್ತ್ರದ ಪ್ರಬಂಧ. ಅದರಲ್ಲಿ ‘ರಿಫ್ಲೆಕ್ಸಿವಿಟಿ’ ಎಂಬ ಪರಿಭಾಷೆಗೆ ‘ಆತ್ಮಾವಲೋಕನ, ಅಂದರೆ ತನ್ನ ತಪ್ಪುಗಳನ್ನು ಒಪ್ಪಿಕೊಳ್ಳುವುದು’ ಎಂದು ಅರ್ಥ ಕೊಟ್ಟಿದ್ದರು. ಮೊದಲಿನ ಎರಡನ್ನು ಹೇಗೋ ಸಹಿಸಿಕೊಂಡೆ. ಮೂರನೆಯದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಪದವನ್ನೇ ಬಿಡಿಸಿ ನೋಡೋಣ. ‘ಲೋಕ್’ ಎಂಬ ಧಾತುವಿಗೆ ನೋಡು ಎಂದು ಅರ್ಥ. ಅವಲೋಕನ ಎಂದರೆ ಗಮನವಿಟ್ಟು ನೋಡುವುದು, ಅಷ್ಟೇ. ತಪ್ಪು, ಸೋಲು, ಪಶ್ಚಾತ್ತಾಪ ಯಾವುದೂ ಇದರೊಳಗಿಲ್ಲ. ಸಿಂಹಾವಲೋಕನ ಎಂಬ ಪದವನ್ನು ನಾವು ಸರಿಯಾಗಿಯೇ ಬಳಸುತ್ತೇವಲ್ಲ? ಸಿಂಹ ನಡೆಯುತ್ತಾ ನಡೆಯುತ್ತಾ ಕತ್ತು ತಿರುಗಿಸಿ, ಬಂದ ದಾರಿಯನ್ನು ಒಮ್ಮೆ ನೋಡುತ್ತದೆ. ನೋಡಿ ಮುಂದಕ್ಕೆ ಹೋಗುತ್ತದೆ. ಅದು ಮರುಗುವುದಕ್ಕೆಂದು ತಿರುಗಿ ನೋಡುವುದಿಲ್ಲ. ‘ಆತ್ಮ’ ಸೇರಿದ ಕೂಡಲೇ ಅದೇ ನೋಟ ಯಾಕೆ ತಪ್ಪೊಪ್ಪಿಗೆ ಆಗಿಬಿಡಬೇಕು?

ಪಕ್ಕದಲ್ಲೇ ಇರುವ ಎರಡು ಪದಗಳ ಜೊತೆ ಇದನ್ನು ಕಲಸಿಬಿಟ್ಟಿದ್ದೇವೆ. ಒಂದು ಆತ್ಮವಿಮರ್ಶೆ. ‘ಮೃಶ್’ ಎಂದರೆ ಮುಟ್ಟು, ಸವರು. ಪರಾಮರ್ಶೆಯಲ್ಲಿ ಇರುವುದೂ ಅದೇ ಧಾತು. ಮುಟ್ಟಿ, ತಡವಿ, ಎಲ್ಲಿ ಗಟ್ಟಿ ಎಲ್ಲಿ ಟೊಳ್ಳು ಎಂದು ಪರೀಕ್ಷಿಸುವುದು ವಿಮರ್ಶೆ. ಇನ್ನೊಂದು ಪಶ್ಚಾತ್ತಾಪ. ‘ಪಶ್ಚಾತ್’ ಅಂದರೆ ಆಮೇಲೆ, ತಾಪ ಅಂದರೆ ಬೇಗೆ. ಆದಮೇಲೆ ಸುಡುವುದು. ನೋಡುವುದು, ಮುಟ್ಟಿ ನೋಡುವುದು, ಸುಡುವುದು ಮೂರೂ ಬೇರೆ ಬೇರೆ. ನೋಡುವ ಮೊದಲೇ ಸುಟ್ಟುಕೊಳ್ಳಲು ಹೊರಟರೆ ಯಾವುದೂ ಕಾಣುವುದಿಲ್ಲ. ಬೇಗೆಯಲ್ಲಿ ಕಣ್ಣು ಮಂಜಾಗುತ್ತದೆ.

ಇದಕ್ಕಿಂತ ನನಗೆ ಮುಖ್ಯ ಎನಿಸುವುದು ಆ ಹಿರಿಯರ ‘ಆತ್ಮಾವಲೋಕನ ಮಾಡಿಕೊಳ್ಳಲಿ’ ಎಂಬ ಮಾತಿನ ಕೊನೆಯಲ್ಲಿ ಬರುವ ಪುಟ್ಟ ಕ್ರಿಯಾಪದ. ‘ಮಾಡಲಿ’ ಎಂದು ಯಾರೂ ಹೇಳುವುದಿಲ್ಲ, ‘ಮಾಡಿಕೊಳ್ಳಲಿ’ ಎನ್ನುತ್ತಾರೆ. ಈ ‘ಕೊಳ್ಳು’ ನಮ್ಮ ನಾಲಿಗೆಯ ಮೇಲೆ ದಿನಕ್ಕೆ ನೂರು ಸಲ ಓಡಾಡುತ್ತದೆ. ಅದಕ್ಕೇ ಅದರ ಕಡೆ ಗಮನ ಹೋಗುವುದಿಲ್ಲ. ಕೊಳ್ಳು ಎಂದರೆ ತೆಗೆದುಕೊ, ಪಡೆ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದು ನಿಂತರೆ, ಆ ಕೆಲಸದ ಫಲವನ್ನು ಮಾಡಿದವರ ಕಡೆಗೇ ತಿರುಗಿಸುತ್ತದೆ. ವ್ಯಾಕರಣದಲ್ಲಿ ಇದನ್ನು ಆತ್ಮಾರ್ಥಕ ಎನ್ನುತ್ತಾರೆ. ಬರೆ ಬೇರೆ, ಬರೆದುಕೊ ಬೇರೆ. ‘ಅವಳು ಕಷ್ಟ ಹೇಳಿದಳು’ ಎಂದರೆ ಯಾರ ಕಷ್ಟವೂ ಆಗಿರಬಹುದು. ‘ಕಷ್ಟ ಹೇಳಿಕೊಂಡಳು’ ಎಂದರೆ ಅದು ಅವಳದೇ. ಗೊತ್ತಿಲ್ಲದ್ದನ್ನು ‘ತಿಳಿದುಕೊಂಡೆ’ ಎನ್ನುವಾಗ ತಿಳಿವು ನನ್ನ ಪಾಲಿಗೆ ಬಂತು, ನನ್ನದಾಯಿತು ಎಂಬುದೂ ಆ ಮಾತಿನಲ್ಲಿ ಸೇರಿರುತ್ತದೆ.

ಈಗ ‘ನೋಡು’ವಿಗೆ ಇದನ್ನು ಸೇರಿಸಿ. ನೋಡಿಕೊ. ‘ಮಗುವನ್ನು ನೋಡು’ ಎಂದರೆ ಕಣ್ಣು ಹಾಯಿಸಿದರೆ ಆಯಿತು. ‘ಮಗುವನ್ನು ನೋಡಿಕೊ’ ಎಂದರೆ ಅದರ ಹೊಣೆ ನಿನ್ನದು. ನೋಟವನ್ನು ನೋಡುವವರ ಕಡೆಗೆ ತಿರುಗಿಸಿದ ಕೂಡಲೇ ಅದು ಹೊಣೆಯಾಗುತ್ತದೆ! ಈ ವಿಷಯದ ಮೇಲೆ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಅವುಗಳ ತಿರುಳು ಕನ್ನಡದ ಈ ಒಂದು ಮಾತಿನಲ್ಲಿದೆ ಎಂದು ನಾನು ನಿಜವಾಗಿಯೂ ನಂಬುತ್ತೇನೆ.

ಸಂಸ್ಕೃತದಲ್ಲೂ ಇಂಥದೊಂದು ಭೇದವಿದೆ. ಕೆಲವು ಧಾತುಗಳ ವಿಷಯದಲ್ಲಿ ಪಾಣಿನಿ ಹೀಗೆ ಹೇಳುತ್ತಾನೆ: ಕ್ರಿಯೆಯ ಫಲ ಕರ್ತೃವಿಗೇ ಸಿಗುವುದಾದರೆ ಆತ್ಮನೇಪದ. ಬೇರೆಯವರಿಗೆ ಸಿಗುವುದಾದರೆ ಪರಸ್ಮೈಪದ, ಅಂದರೆ ಪರರಿಗಾಗಿ ಇರುವ ರೂಪ. ಪುರೋಹಿತ ಇನ್ನೊಬ್ಬರಿಗಾಗಿ ಯಜ್ಞ ಮಾಡಿದರೆ ‘ಯಜತಿ’. ತನಗಾಗಿ ಮಾಡುವವನದು ‘ಯಜತೇ’. ಆ ಆತ್ಮನೇಪದದಿಂದ ಹುಟ್ಟಿದ ಪದವೇ ಯಜಮಾನ, ಅಂದರೆ ತನಗಾಗಿ ಯಜ್ಞ ಮಾಡುತ್ತಿರುವವನು. ಆತ್ಮಾವಲೋಕನ ಅಪ್ಪಟ ಆತ್ಮನೇಪದದ ಕೆಲಸ. ಅದನ್ನು ಇನ್ನೊಬ್ಬರ ಪರವಾಗಿ ಯಾರೂ ಮಾಡಲಾರರು. ‘ಅವರು ಮಾಡಿಕೊಳ್ಳಲಿ’ ಎಂಬ ಮಾತು ನನಗೆ ಕಿರಿಕಿರಿ ಮಾಡುವುದು ಇದಕ್ಕೇ. ವ್ಯಾಕರಣ ತನ್ನ ಕಡೆ ತಿರುಗಿದೆ, ಬೆರಳು ಮಾತ್ರ ಇನ್ನೊಬ್ಬರ ಕಡೆಗಿದೆ.

ಇನ್ನು ‘ರಿಫ್ಲೆಕ್ಸಿವಿಟಿ’. ಲ್ಯಾಟಿನ್‌ನಲ್ಲಿ ‘ಫ್ಲೆಕ್ಟೆರೆ’ ಎಂದರೆ ಬಾಗಿಸು, ‘ರಿ’ ಎಂದರೆ ಹಿಂದಕ್ಕೆ. ಹಿಂದಕ್ಕೆ ಬಾಗುವುದು. ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ತಾನಾಗಿ ಜಿಗಿಯುತ್ತದಲ್ಲ, ಆ ‘ರಿಫ್ಲೆಕ್ಸ್’ ಕೂಡ ಇದೇ ಬೇರಿನದು. ಬೇರು ಒಂದೇ ಎಂದ ಮಾತ್ರಕ್ಕೆ ಎರಡನ್ನೂ ಒಂದೇ ಮಾಡಬಾರದು. ಒಂದು ಯೋಚನೆಗೆ ಅವಕಾಶವನ್ನೇ ಕೊಡದೆ ಆಗುವಂಥದ್ದು. ಇನ್ನೊಂದು ಯೋಚನೆ ತನ್ನ ಮೇಲೆ ತಾನೇ ಬಾಗುವಂಥದ್ದು.

ರಿಫ್ಲೆಕ್ಸಿವಿಟಿಯನ್ನು ‘ಪ್ರತಿಫಲನ’ ಎಂದು ಅನುವಾದಿಸುವವರೂ ಇದ್ದಾರೆ. ಅದು ಬೆಳಕಿಗೆ ಸರಿ, ಮನುಷ್ಯರಿಗೆ ಸಾಲದು. ಹತ್ತನೇ ಶತಮಾನದಲ್ಲಿ ಕಾಶ್ಮೀರದ ಶೈವ ದಾರ್ಶನಿಕ ಉತ್ಪಲದೇವ ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸಿದ್ದ. ಸ್ಫಟಿಕದ ಪಕ್ಕ ಕೆಂಪು ಹೂವಿಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಆದರೆ ತಾನು ಕೆಂಪಾಗಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ. ಅರಿವಿನಲ್ಲಿ ವಸ್ತು ಬರೀ ಬೆಳಗಿದರೆ ಸಾಲದು. ಬೆಳಗುತ್ತಿರುವುದು ತನ್ನಲ್ಲಿ ಎಂಬ ಗ್ರಹಿಕೆಯೂ ಬೇಕು. ಅದಿಲ್ಲದಿದ್ದರೆ ಅರಿವೂ ಸ್ಫಟಿಕದಂತೆ ಜಡವೇ. ಬೆಳಗುವುದಕ್ಕೆ ಅವನು ಬಳಸಿದ ಪದ ಪ್ರಕಾಶ, ಆ ಗ್ರಹಿಕೆಗೆ ವಿಮರ್ಶ. ಹೌದು, ಮೇಲೆ ನೋಡಿದ ಅದೇ ‘ಮೃಶ್’. ಕನ್ನಡಿಗೂ ಕಣ್ಣಿಗೂ ಇರುವ ವ್ಯತ್ಯಾಸ ಇದು. ಪ್ರತಿಫಲನ ಎಂದು ಬರೆಯುವವರು ಕನ್ನಡಿಯ ಹತ್ತಿರವೇ ನಿಂತುಬಿಡುತ್ತಾರೆ.

ಹಾಗಾದರೆ ಕಣ್ಣು ಮುಚ್ಚಿ ಒಳಗೆ ನೋಡಿಕೊಂಡರೆ ಆಯಿತೇ? ಅದೂ ಸಾಕಾಗುವುದಿಲ್ಲ. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಬರಹದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಮೇಜಿನ ಮೇಲೆ 4 ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟಿದ್ದರು. ನಾಲ್ಕೂ ಒಂದೇ ಥರದವು. ಯಾವುದು ಚೆನ್ನಾಗಿದೆ ಎಂದು ಕೇಳಿದಾಗ ಜನ ಬಲತುದಿಯದನ್ನೇ ಜಾಸ್ತಿ ಆರಿಸಿದರು. ಯಾಕೆ ಎಂದು ಕೇಳಿದರೆ ಅದರ ಗುಣದ ಬಗ್ಗೆ ಹೇಳಿದರು. ಇಟ್ಟ ಜಾಗದ ಕಾರಣಕ್ಕೆ ಆರಿಸಿದೆ ಎಂದು ಒಬ್ಬರೂ ತಾವಾಗಿ ಹೇಳಲಿಲ್ಲ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಳಗೆ ನೋಡಿಕೊಂಡರು, ಅಲ್ಲಿ ಒಂದು ಕಾರಣ ಸಿಕ್ಕಿತು, ಹೇಳಿದರು. ನಿಜವಾದ ಕಾರಣ ಹೊರಗೆ, ಮೇಜಿನ ಮೇಲಿತ್ತು.

ಅಂದರೆ ನಾನು ಎಲ್ಲಿ ನಿಂತಿದ್ದೇನೆ, ನನ್ನ ಮುಂದೆ ವಸ್ತುಗಳನ್ನು ಯಾವ ಸಾಲಿನಲ್ಲಿ ಇಟ್ಟಿದ್ದಾರೆ, ಅಲ್ಲಿಂದ ನನಗೆ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂಬುದೂ ಆತ್ಮಾವಲೋಕನದ ಪಾಲಿಗೆ ಬರುತ್ತದೆ. ಸಮಾಜಶಾಸ್ತ್ರದ ರಿಫ್ಲೆಕ್ಸಿವಿಟಿ ಶುರುವಾಗುವುದು ಇಲ್ಲಿಂದಲೇ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದಿಯು ಇದನ್ನು ಪಟ್ಟು ಹಿಡಿದು ಹೇಳಿದವನು. ಅಲ್ಜೀರಿಯಾದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಅವನು, 1960ರ ಆಸುಪಾಸಿನಲ್ಲಿ ಫ್ರಾನ್ಸಿನಲ್ಲಿ ತಾನು ಬೆಳೆದ ಬೆಯಾರ್ನ್ ಸೀಮೆಯಲ್ಲೂ ಅಂಥದೇ ಅಧ್ಯಯನ ಮಾಡಿದ. ಅಲ್ಲಿ ಹಿರಿಯ ಗಂಡುಮಕ್ಕಳು, ಆಸ್ತಿಗೆ ಹಕ್ಕುದಾರರಾದವರೇ, ಮದುವೆಯಾಗದೆ ಉಳಿಯುತ್ತಿದ್ದರು. ದೂರದ ಜನರನ್ನು ನೋಡಲು ಬಳಸಿದ ಸಲಕರಣೆಯನ್ನು ತನ್ನವರ ಮೇಲೆ, ತನ್ನ ಮೇಲೆ ಇಟ್ಟು ನೋಡಿದರೆ ಆ ಸಲಕರಣೆಯ ವಕ್ರವೂ ಗೊತ್ತಾಗುತ್ತದೆ. ಸಂಶೋಧಕರು ತಮ್ಮ ಭಾವನೆಗಳನ್ನು ಪುಟಗಟ್ಟಲೆ ತೋಡಿಕೊಳ್ಳುವುದನ್ನು ಅವನು ರಿಫ್ಲೆಕ್ಸಿವಿಟಿ ಎಂದು ಒಪ್ಪಲಿಲ್ಲ. ಅದು ತನ್ನನ್ನು ತಾನೇ ಮೋಹಿಸಿಕೊಳ್ಳುವುದು ಎಂದ. ಪ್ರಬಂಧದ ಮೊದಲ ಪುಟದಲ್ಲಿ ‘ನಾನು ಇಂಥ ಹಿನ್ನೆಲೆಯವಳು, ಇಂಥ ವರ್ಗದವನು’ ಎಂದು ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುವವರು ಈ ಮಾತನ್ನು ಗಮನಿಸಬೇಕು. ಆ ಹಿನ್ನೆಲೆಯಿಂದಾಗಿ ಯಾವ ಪ್ರಶ್ನೆ ಕೇಳದೆ ಉಳಿಯಿತು? ಅದನ್ನು ಹೇಳಿದರೆ ಉಪಯೋಗ. ಹೇಳದಿದ್ದರೆ ಅದು ಬರೀ ಪರಿಚಯ ಪತ್ರ.

ತಪ್ಪೊಪ್ಪಿಗೆಗೂ ಇದಕ್ಕೂ ಇರುವ ದೂರ ಮಾಲಿನೋವ್‌ಸ್ಕಿಯ ದಿನಚರಿಯಲ್ಲಿ ಕಾಣುತ್ತದೆ. ಟ್ರೊಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಅವರ ಬದುಕನ್ನು ದಾಖಲಿಸಿದ ಮಾನವಶಾಸ್ತ್ರಜ್ಞ ಅವನು. ಅವನು ತೀರಿಕೊಂಡದ್ದು 1942ರಲ್ಲಿ. ಖಾಸಗಿ ದಿನಚರಿ ಅಚ್ಚಾದದ್ದು 1967ರಲ್ಲಿ. ಅದರ ತುಂಬ ಬೇಸರ, ಮನೆಯ ನೆನಪು, ಆ ಜನರ ಬಗ್ಗೆ ಸಿಟ್ಟು, ತಿರಸ್ಕಾರ. ಓದಿದವರಿಗೆ ಆಘಾತವಾಯಿತು. ಆದರೆ ಒಬ್ಬ ಮನುಷ್ಯ ಎಷ್ಟು ಕೆಟ್ಟವನು ಎಂದು ಅಳೆಯುವುದರಿಂದ ಆ ಶಾಸ್ತ್ರಕ್ಕೆ ಲಾಭವಾಗಲಿಲ್ಲ. ಇಷ್ಟೆಲ್ಲ ಒಳಗಿಟ್ಟುಕೊಂಡವನ ಬರಹದಲ್ಲಿ ಅದು ಯಾಕೆ ಕಾಣಲಿಲ್ಲ, ‘ನಾನು ಅಲ್ಲಿದ್ದೆ’ ಎಂಬುದನ್ನು ಬರಹ ಹೇಗೆ ಅಳಿಸುತ್ತದೆ ಎಂಬ ಪ್ರಶ್ನೆಯಿಂದ ಲಾಭವಾಯಿತು.

ರಿಫ್ಲೆಕ್ಸಿವಿಟಿ ಎಂಬ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಅದರಲ್ಲಿ ‘ಆತ್ಮ’ ಒಬ್ಬ ವ್ಯಕ್ತಿಯೇ ಅಲ್ಲ. ನಾವು ಸಮಾಜದ ಬಗ್ಗೆ ಹೇಳುವ ಮಾತು ಸಮಾಜದೊಳಗೇ ಹೋಗಿ ಅದನ್ನು ಬದಲಿಸುತ್ತದೆ. 1948ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಕೊಟ್ಟ ಬ್ಯಾಂಕಿನ ಉದಾಹರಣೆ ಹೆಸರುವಾಸಿ. ಚೆನ್ನಾಗಿ ನಡೆಯುತ್ತಿರುವ ಬ್ಯಾಂಕು ಮುಳುಗುತ್ತಿದೆ ಎಂದು ಸುದ್ದಿ ಹಬ್ಬುತ್ತದೆ. ಎಲ್ಲರೂ ಓಡಿಬಂದು ಹಣ ತೆಗೆಯುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಸುಳ್ಳು ಸುದ್ದಿ ತನ್ನನ್ನು ತಾನೇ ನಿಜ ಮಾಡಿಕೊಂಡಿತು. ಮಳೆ ಬರುತ್ತದೆ ಎಂದು ಹೇಳಿದರೆ ಮೋಡಕ್ಕೆ ಕೇಳಿಸುವುದಿಲ್ಲ. ಜನರ ಬಗ್ಗೆ ಹೇಳಿದರೆ ಜನರಿಗೆ ಕೇಳಿಸುತ್ತದೆ. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ ಇಂಥದೇ ಮಾತನ್ನು ವಿಚ್ಛೇದನದ ಅಂಕಿಅಂಶಗಳನ್ನು ಮುಂದಿಟ್ಟು ಹೇಳುತ್ತಾನೆ. ಆ ಅಂಕಿ ತಿಳಿದವರು ಮದುವೆಯಾಗುವ ಮುನ್ನ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಯಾರ ತಪ್ಪೂ ಇಲ್ಲ, ಒಪ್ಪಿಗೆಯೂ ಇಲ್ಲ. ‘ತಪ್ಪುಗಳನ್ನು ಒಪ್ಪಿಕೊಳ್ಳುವುದು’ ಎಂಬ ಅರ್ಥ ಇಟ್ಟುಕೊಂಡು ಈ ಭಾಗ ಓದಿದರೆ ವಿದ್ಯಾರ್ಥಿಗೆ ಒಂದಕ್ಷರವೂ ತಿಳಿಯುವುದಿಲ್ಲ.

ಕಲಿಕೆಯ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ಮಕ್ಕಳಿಗೆ ಈಗ ‘ರಿಫ್ಲೆಕ್ಷನ್’ ಬರೆಯಲು ಹೇಳುತ್ತಾರೆ. ಬರುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆ. ‘ಇದರಿಂದ ತುಂಬಾ ಕಲಿತೆ’, ಇಲ್ಲವೇ ‘ಮುಂದಿನ ಸಲ ಜಾಗ್ರತೆಯಿಂದ ಮಾಡುತ್ತೇನೆ’. ಒಂದು ಉಪಚಾರದ ಮಾತು, ಇನ್ನೊಂದು ಕ್ಷಮಾಪಣೆ. ಒಂದು ಮಗು ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಎಂದು ಬರೆದಿದೆ ಎಂದುಕೊಳ್ಳಿ. ‘ತಪ್ಪಾಯಿತು’ ಎಂದರೆ ಅದು ಏನನ್ನೂ ನೋಡಲಿಲ್ಲ. ‘ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಉತ್ತರ ಅರ್ಧಕ್ಕಿಂತ ಕಡಿಮೆ ಬಂತು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಜಾಸ್ತಿ ಆಗಬೇಕಲ್ವಾ?’ ಎಂದು ಕೇಳಿಕೊಂಡರೆ ಅದು ನೋಡಿಕೊಂಡಿತು. ತನ್ನ ಯೋಚನೆ ಯಾವ ದಾರಿ ಹಿಡಿಯಿತು ಎಂಬುದು ಅದಕ್ಕೆ ಕಂಡಿತು. ಇಲ್ಲಿ ಅಳು ಬೇಕಿಲ್ಲ, ಕುತೂಹಲ ಬೇಕು.

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲೇ ಹೇಳಿದ್ದ: ಇಂಥ ಯೋಚನೆ ಹುಟ್ಟುವುದು ಕವಲುದಾರಿಯಲ್ಲಿ, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಾಗ. ವೃತ್ತಿಪರರ ಕಲಿಕೆಯ ಬಗ್ಗೆ ಬರೆದ ಡೊನಾಲ್ಡ್ ಶೋನ್ 1983ರಲ್ಲಿ ಇನ್ನೊಂದು ಮುಖ ತೋರಿಸಿದ. ನುರಿತವರು ಕೆಲಸ ಮುಗಿದ ಮೇಲೆ ಮಾತ್ರವಲ್ಲ, ಕೆಲಸದ ನಡುವೆಯೇ ಹೀಗೆ ಯೋಚಿಸುತ್ತಾರೆ. ಕಟ್ಟಡದ ನಕ್ಷೆ ಬಿಡಿಸುವವರು ಒಂದು ಗೆರೆ ಎಳೆದು ನೋಡುತ್ತಾರೆ, ಆ ಗೆರೆ ಅವರಿಗೆ ಏನೋ ಹೇಳುತ್ತದೆ, ಮುಂದಿನ ಗೆರೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ವರ್ಷದ ಕೊನೆಗೆ ಒಂದು ಫಾರಂ ಕೊಟ್ಟು ತುಂಬಿಸಿಕೊಂಡರೆ ಇದು ಬರುವುದಿಲ್ಲ.

ನಾನು ಬರೆಯುವಾಗ ಪಾಲಿಸುವುದು ಇಷ್ಟು. ತನ್ನ ಯೋಚನೆಯನ್ನು, ತಾನು ನಿಂತ ಜಾಗವನ್ನು ನೋಡಿಕೊಳ್ಳುವುದಕ್ಕೆ ಆತ್ಮಾವಲೋಕನ. ಹಾಗೆ ಕಂಡದ್ದನ್ನು ತೂಗಿ ನೋಡುವುದಕ್ಕೆ ಆತ್ಮವಿಮರ್ಶೆ. ಸಮಾಜದ ಬಗೆಗಿನ ಮಾತು ಸಮಾಜಕ್ಕೇ ಮರಳಿ ಸುತ್ತುವುದಕ್ಕೆ ಇನ್ನೂ ಎಲ್ಲರೂ ಒಪ್ಪಿದ ಕನ್ನಡ ಪದವಿಲ್ಲ. ಅಲ್ಲಿ ‘ರಿಫ್ಲೆಕ್ಸಿವಿಟಿ’ಯನ್ನೇ ಇಟ್ಟು ಒಂದು ವಾಕ್ಯದಲ್ಲಿ ವಿವರಿಸುತ್ತೇನೆ. ವ್ಯಾಕರಣದಲ್ಲಿ ಆಗಲೇ ಇರುವ ‘ಆತ್ಮಾರ್ಥಕ’ವನ್ನು ಇಲ್ಲಿಗೂ ತರಬಹುದು ಎಂಬುದು ನನ್ನ ಆಸೆ. ಸೋತ ತಂಡದ ಸಭೆಗೆ ‘ಸೋಲಿನ ಪರಿಶೀಲನೆ’ ಎಂದು ಬರೆದರೆ ಸಾಕು. ಅದೂ ಬೇಕಾದ ಕೆಲಸವೇ.