ನೀರಿಗದ್ದಿದ ಕತ್ತಿಯ ಬಾಯಿ ಏಕೆ ಬಿರಿಯಿತು?

ಪ್ರಶ್ನೆ: ಜೀಪಿನ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದ ತೋಟದ ಕೆಲಸಕ್ಕೆ ಕತ್ತಿ ಮಾಡಿದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಬಾಯಿ ಚೆನ್ನಾಗಿ ಗಟ್ಟಿಯಾಯಿತು. ಆದರೆ ಸಿಲ್ವರ್ ಓಕ್ ಮರದ ಕೊಂಬೆ ಸವರಿ ಕಪಾತು ಮಾಡುವಾಗ ಚಿಪ್ಪು ಚಿಪ್ಪಾಗಿ ಹಾರಿತು, ಒಂದು ಕಡೆ ಬಿರುಕೂ ಬಿಟ್ಟಿದೆ. ಉಕ್ಕೇ ಕೆಟ್ಟದ್ದೋ?
– ಸೋಮವಾರಪೇಟೆಯ ಓದುಗರು

ಉಕ್ಕು ಒಳ್ಳೆಯದೇ. ಒಳ್ಳೆಯದಾದ್ದರಿಂದಲೇ ಬಿರಿಯಿತು. ಗೇಟು, ಗ್ರಿಲ್ಲಿಗೆ ಬಳಸುವ ಸಾದಾ ಕಬ್ಬಿಣದಲ್ಲಿ ಇಂಗಾಲ ತೀರಾ ಕಡಿಮೆ, ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಟ್ಟಿಯಾಗದು. ಸ್ಪ್ರಿಂಗ್ ಪ್ಲೇಟಿನಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲವಿದೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಇದು ಗಟ್ಟಿಯಾಗಲು ಎಣ್ಣೆ ಸಾಕು. ನೀರಿನಲ್ಲಿ ತೆಳು ಬಾಯಿ ಕ್ಷಣದಲ್ಲಿ ಗಟ್ಟಿಯಾಗಿಬಿಡುತ್ತದೆ. ದಪ್ಪ ಬೆನ್ನು ತಡವಾಗಿ ಗಟ್ಟಿಯಾಗುತ್ತಾ ಹಿಗ್ಗುತ್ತದೆ. ಆ ಎಳೆದಾಟದಲ್ಲಿ ಬಿರುಕು ಬರುತ್ತದೆ.

ಚಿಪ್ಪು ಹಾರಿದ್ದಕ್ಕೆ ಕಾರಣ ಬೇರೆ. ನೀವು ಅರ್ಧ ಕೆಲಸಕ್ಕೇ ನಿಲ್ಲಿಸಿದ್ದೀರಿ. ಕಾಯಿಸಿ ಅದ್ದಿದ ಉಕ್ಕು ಗಾಜಿನಷ್ಟೇ ಗಡಸು, ಗಾಜಿನಷ್ಟೇ ಪೆಡಸು, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದನ್ನು ಮತ್ತೊಮ್ಮೆ ಹದವಾಗಿ ಬಿಸಿ ಮಾಡಿ ಸ್ವಲ್ಪ ಗಡಸುತನ ಬಿಟ್ಟುಕೊಟ್ಟರೆ ಮಾತ್ರ ಪೆಟ್ಟು ತಾಳುವ ಗುಣ ಬರುತ್ತದೆ. ಗೋಡೆಗೆ ತೂಗುಹಾಕುವ ಕೊಡವರ ಒಡಿಕತ್ತಿಗೆ ಇದಿಲ್ಲದೆಯೂ ನಡೆದೀತು, ಮರ ಕಡಿಯುವ ಕತ್ತಿಗೆ ಖಂಡಿತ ನಡೆಯದು.

ಮುಂದಿನ ಕತ್ತಿಗೆ ಹೀಗೆ ಮಾಡಿ. ಬಡಿಯುವಾಗ ಬಣ್ಣ ಮಂಕಾದ ಕೂಡಲೇ ಸುತ್ತಿಗೆ ನಿಲ್ಲಿಸಿ ಮತ್ತೆ ಕುಲುಮೆಗಿಡಿ, ಆರಿದ ಉಕ್ಕಿಗೆ ಬಿದ್ದ ಪೆಟ್ಟೂ ಬಿರುಕಾಗುತ್ತದೆ. ಬಾಯನ್ನು ಪೂರ್ತಿ ಹರಿತ ಮಾಡದೆ ಒಂದು ಮಿಲಿಮೀಟರ್‌ನಷ್ಟು ದಪ್ಪ ಉಳಿಸಿ. ಕಾವು ನೋಡಲು ಆಯಸ್ಕಾಂತ ಹಿಡಿಯಿರಿ: ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ, 830–850 ಡಿಗ್ರಿ ಬಂದಾಗ ಎಣ್ಣೆಗೆ ಅದ್ದಿ. ಹಳದಿ ಬಣ್ಣಕ್ಕೆ ಹೋದರೆ ಒಳಗಿನ ಕಣ ದಪ್ಪವಾಗಿ ಉಕ್ಕು ಬಲ ಕಳೆದುಕೊಳ್ಳುತ್ತದೆ. ಬಣ್ಣ ನೋಡಲು ನೆರಳು ಬೇಕು. ಬಿಸಿಲಿನಲ್ಲಿ ಕೆಂಪು ಕಾಣದೆ ಜಾಸ್ತಿ ಕಾಯಿಸಿಬಿಡುತ್ತೇವೆ, ಆ ಲೆಕ್ಕದಲ್ಲಿ ನಮ್ಮ ಮಳೆಗಾಲದ ಕತ್ತಲೆ ಶೆಡ್ಡೇ ಒಳ್ಳೆಯದು.

ಆದರೆ ಅದೇ ಮಳೆಗಾಲದಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಎಣ್ಣೆಯ ಡಬ್ಬಕ್ಕೆ ಸೋರಿದ ಮಳೆನೀರು ತಳದಲ್ಲಿ ಕೂತಿರುತ್ತದೆ. ಕೆಂಡದಂಥ ಕತ್ತಿ ಅದಕ್ಕೆ ತಾಗಿದರೆ ನೀರು ಆವಿಯಾಗಿ ಸಿಡಿದು, ಕುದಿಯುವ ಎಣ್ಣೆ ಮೈಮೇಲೆ ಬೀಳುತ್ತದೆ. ಡಬ್ಬ ಖಾಲಿ ಮಾಡಿ, ನೀರು ಒರೆಸಿ ಹೊಸ ಎಣ್ಣೆ ಹಾಕಿ, 50–60 ಡಿಗ್ರಿಗೆ ಬೆಚ್ಚಗೆ ಮಾಡಿ. ಉದ್ದ ಇಕ್ಕಳ, ಕಬ್ಬಿಣದ ಡಬ್ಬ, ಬೆಂಕಿ ಹತ್ತಿದರೆ ಮುಚ್ಚಲು ಕಬ್ಬಿಣದ ಮುಚ್ಚಳ ಹತ್ತಿರವಿರಲಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ.

ಅದ್ದಿದ ಮೇಲೆ ಅರ (ಫೈಲ್) ಉಜ್ಜಿ ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಕೈಗೆ ಬೆಚ್ಚಗಿರುವಾಗಲೇ ಎರಡನೇ ಕಾವು ಕೊಡಿ, ನಾಳೆಗೆ ಇಡಬೇಡಿ. ಮನೆಯ ಓವನ್ನಿನಲ್ಲಿ 250 ಡಿಗ್ರಿಗೆ ಒಂದು ಗಂಟೆ, ಆರಿಸಿ ಮತ್ತೊಂದು ಗಂಟೆ. ಓವನ್ ಇಲ್ಲದಿದ್ದರೆ ಕತ್ತಿಯನ್ನು ಉಜ್ಜಿ ಹೊಳಪು ಬರಿಸಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿ. ಬಾಯಿಯ ಬಣ್ಣ ಹುಲ್ಲಿನ ಹಳದಿ ದಾಟಿ ಕಂದಾಗಿ, ನೇರಳೆಗೆ ತಿರುಗುವಾಗ ನಿಲ್ಲಿಸಿ. ಬೆನ್ನು ನೀಲಿಯಾದರೂ ಚಿಂತೆಯಿಲ್ಲ, ಅದು ಬಳುಕುವಂತಿರಬೇಕು.

ಈಗಿರುವ ಕತ್ತಿಯ ಬಿರುಕು ಯಾವ ಕಾವಿನಿಂದಲೂ ಕೂಡದು, ಅದರಿಂದ ಮರ ಕಡಿಯಬೇಡಿ. ಬಿರುಕಿನ ಭಾಗ ಪೂರ್ತಿ ಕತ್ತರಿಸಿ ತೆಗೆದು, ಉಳಿದದ್ದನ್ನು ಮತ್ತೆ ಕಾಯಿಸಿ ಬೂದಿಯಲ್ಲಿ ನಿಧಾನ ಆರಿಸಿದರೆ ಕಾಫಿ ಗಿಡದ ಚಿಗುರು ತೆಗೆಯುವ ಚಿಕ್ಕ ಕತ್ತಿಗೆ ಸಾಕಷ್ಟು ಉಕ್ಕು ಸಿಗುತ್ತದೆ.